ಅಪ್‌ಡೇಟ್: ಮೀಟಿಯರ್ ಉಪಗ್ರಹದ ಚಿತ್ರ ಕೊನೆಗೂ ಬಂತು!

137.9 ಮೆಗಾಹರ್ಟ್ಸ್‌ನಲ್ಲಿ ಹವಾಮಾನ ಉಪಗ್ರಹ ಮೀಟಿಯರ್ ಎಂ2-4ರ ಸಿಗ್ನಲ್ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನ ಬಣ್ಣದಲ್ಲಿ ತೋರಿಸೋ ಪರದೆ) ಕಾಣುತ್ತೆ, ಚಿತ್ರ ಮಾತ್ರ ಡಿಕೋಡ್ ಆಗ್ತಿಲ್ಲ ಅಂತ ಕಳೆದ ವಾರ ಕೇಳಿದ್ದೆ. ಈಗ ಸರಿಹೋಯ್ತು.

ಎಲ್‌ಎನ್‌ಎ (ದುರ್ಬಲ ಸಿಗ್ನಲ್ ಹೆಚ್ಚಿಸೋ ಆಂಪ್ಲಿಫೈಯರ್) ಹಾಕಿ ಅಂದ್ರು ಕೆಲವರು, ಹಾಕಿದೆ, ಇನ್ನೂ ಕೆಟ್ಟಿತು. ಎಫ್‌ಎಂ ಸ್ಟೇಷನ್‌ಗಳ ಸಿಗ್ನಲ್ಲೂ ಜೊತೆಗೇ ಜೋರಾಗಿ, ಡಾಂಗಲ್ (ಯುಎಸ್‌ಬಿ ರೇಡಿಯೋ ರಿಸೀವರ್) ಓವರ್‌ಲೋಡ್ ಆಗ್ತಿತ್ತು. ಟಿಎಲ್‌ಇ (ಉಪಗ್ರಹದ ಕಕ್ಷೆಯ ಮಾಹಿತಿ) ಹೊಸದು ಮಾಡಿದ್ದಕ್ಕೆ ಪಾಸ್ ಸಮಯ, ಅಂದ್ರೆ ಉಪಗ್ರಹ ನಮ್ಮ ಮೇಲೆ ಹಾದುಹೋಗೋ ಸಮಯ ಸರಿಯಾಯ್ತು, ಅಷ್ಟೇ. ಕೆಲಸ ಮಾಡಿದ್ದು ಎಫ್‌ಎಂ ಫಿಲ್ಟರ್ (ಎಫ್‌ಎಂ ಸಿಗ್ನಲ್ ತಡೆಯೋದು) ಹಾಕಿ, ಡಾಂಗಲ್‌ನ ಗೇನ್ (ಸಿಗ್ನಲ್ ಹೆಚ್ಚಿಸೋ ಮಟ್ಟ) ಇಳಿಸಿ ಅಂದವರ ಸಲಹೆ. ತುಂಬಾ ಥ್ಯಾಂಕ್ಸ್! ಫಿಲ್ಟರ್ ಎಲ್‌ಎನ್‌ಎಗಿಂತ ಮೊದಲು, ಆಂಟೆನಾ ಕಡೆಗೇ ಇರಲಿ.

ನಾನು ಊಹಿಸದೇ ಇದ್ದದ್ದು ಲ್ಯಾಪ್‌ಟಾಪ್ ಚಾರ್ಜರ್. ಪಾಸ್ ನಡುವೆ ಪ್ಲಗ್ ಕಿತ್ತ ತಕ್ಷಣ ವಾಟರ್‌ಫಾಲ್ ತುಂಬಾ ಇದ್ದ ಅಡಚಣೆಯ ಗೆರೆಗಳು ಮಾಯ! ಆಮೇಲೆ ಮೋಡಗಳು ಸಾಲು ಸಾಲಾಗಿ ಪರದೆ ಮೇಲೆ ಇಳಿದು ಬಂದ್ವು, ಕಣ್ಣು ಮಿಟುಕಿಸದೆ ನೋಡ್ತಾ ಕೂತೆ.

ಆಂಟೆನಾ ಹಳೇದೇ: ವಿ-ಡೈಪೋಲ್ (ವಿ ಆಕಾರದಲ್ಲಿ ಎರಡು ಕಡ್ಡಿ), ಕೈಗಳು ತಲಾ 53 ಸೆಂ.ಮೀ., ನಡುವೆ 120 ಡಿಗ್ರಿ.