ಹಠ ಮಾಡುವುದು ಮಗು, ತರಬೇತಿ ನಮಗೇಕೆ?

ಪ್ರಶ್ನೆ:
ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ಕೇಳಿದ್ದು ಸಿಗದಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ತಂಗಿಗೆ ಹೊಡೆಯುತ್ತಾನೆ. ಶಾಲೆಯಿಂದಲೂ ದೂರು ಬರುತ್ತಿದೆ. ಮಕ್ಕಳ ವೈದ್ಯರು ಅವನನ್ನು ಪರೀಕ್ಷಿಸಿ, ಔಷಧಿಯೇನನ್ನೂ ಬರೆಯದೆ, ಪೋಷಕರಿಗಾಗಿ ನಡೆಯುವ ಹನ್ನೆರಡು ವಾರಗಳ ಗುಂಪು ತರಬೇತಿಗೆ ನಾವಿಬ್ಬರೂ ಸೇರಬೇಕೆಂದು ಹೇಳಿದ್ದಾರೆ. ತೊಂದರೆ ಇರುವುದು ಮಗುವಿನಲ್ಲಿ, ಆದರೆ ತರಬೇತಿ ನಮಗೆ ಎಂಬುದು ನನಗೆ ಅರ್ಥವಾಗಿಲ್ಲ. ಅಪರಿಚಿತರ ಮುಂದೆ ಮನೆಯ ಜಗಳವನ್ನು ಹೇಳಿಕೊಳ್ಳುವ ಸಂಕೋಚ ಬೇರೆ. ಇದರಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ 1:
ಎರಡು ವರ್ಷಗಳ ಹಿಂದೆ ನಾನೂ ಇದೇ ಸಿಟ್ಟಿನಿಂದಲೇ ಹೋಗಿ ಕುಳಿತವಳು. ಮೂರನೆಯ ವಾರ ನಮ್ಮಿಂದ ಒಂದು ಅಭಿನಯ ಮಾಡಿಸಿದರು: ನಾನು ನನ್ನ ಮಗಳಾಗಿ ನೆಲದ ಮೇಲೆ ಆಟಿಕೆ ಹಿಡಿದು ಕುಳಿತೆ, ಇನ್ನೊಂದು ಮಗುವಿನ ತಂದೆ ನನ್ನ ಪಾತ್ರ ವಹಿಸಿದರು. ಅವರು ಕೋಣೆಯ ಆ ತುದಿಯಲ್ಲಿ ಮೊಬೈಲ್ ನೋಡುತ್ತಲೇ ‘ಶೂ ಹಾಕಿಕೋ’ ಎಂದು ಆರು ಸಲ ಕೂಗಿದರು. ಮೊದಲ ಐದು ಸಲ ಏಳಬೇಕಾದ ಅಗತ್ಯವೇ ಇಲ್ಲವೆಂಬುದು ನೆಲದ ಮೇಲೆ ಕುಳಿತಾಗ ಎಷ್ಟು ಸ್ಪಷ್ಟವಾಗಿ ತಿಳಿಯುತ್ತದೆಂದರೆ, ನನಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. ಹತ್ತಿರ ಹೋಗಿ, ಕಣ್ಣಿಗೆ ಕಣ್ಣು ಸೇರಿಸಿ, ಒಂದೇ ಸಲ ಹೇಳಿ ಕಾಯುವುದನ್ನು ನಾನು ಕಲಿತದ್ದು ಅಂದೇ. ಸಂಕೋಚದ ಮಾತು ಹೇಳುವುದಾದರೆ, ಅಲ್ಲಿರುವ ಪ್ರತಿಯೊಬ್ಬರ ಮನೆಯಲ್ಲೂ ಅದೇ ರಂಪ ನಡೆಯುತ್ತಿರುತ್ತದೆ.

ಉತ್ತರ 2:
ಇಂಥ ಗುಂಪುಗಳನ್ನು ನಡೆಸುವ ಆಪ್ತಸಮಾಲೋಚಕಿಯಾಗಿ ಎರಡು ಮಾತು. ತರಬೇತಿ ಪೋಷಕರಿಗೆ ಎಂದರೆ ತಪ್ಪು ಪೋಷಕರದು ಎಂದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಗಳಲ್ಲಿ ಗಮನಿಸಿ ವಿವರಿಸಿದ ಸುಳಿ ಇದು: ಮಗು ಕಿರುಚುತ್ತದೆ, ಸಾಕಾಗಿ ನಾವು ಸೋಲುತ್ತೇವೆ, ಕಿರುಚಾಟ ನಿಲ್ಲುತ್ತದೆ. ಕಿರುಚಿದರೆ ಸಿಗುತ್ತದೆಂದು ಮಗು ಕಲಿತರೆ, ಕೊಟ್ಟರೆ ನೆಮ್ಮದಿ ಎಂದು ನಾವು ಕಲಿಯುತ್ತೇವೆ. ದಿನವಿಡೀ ಜೊತೆಗಿರುವವರು ನೀವಾದ್ದರಿಂದ ಈ ಸುಳಿಯನ್ನು ಬಿಡಿಸುವುದಕ್ಕೂ ನಿಮಗೇ ಹೆಚ್ಚು ಅವಕಾಶ.

ಯಾವ ತೊಂದರೆಗೆ ಯಾವ ಚಿಕಿತ್ಸೆ ಸೂಕ್ತವೆಂದು ಸಲಹೆ ನೀಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯು 3ರಿಂದ 11 ವರ್ಷದ ಮಕ್ಕಳ ಪೋಷಕರಿಗೆ ಇಂಥ ಗುಂಪುಗಳನ್ನೇ ಸೂಚಿಸುತ್ತದೆ: 10ರಿಂದ 12 ಪೋಷಕರು, ತಲಾ ಒಂದೂವರೆಯಿಂದ ಎರಡು ಗಂಟೆಯ 10ರಿಂದ 16 ಭೇಟಿಗಳು. ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಕ್ಕಳ ವರ್ತನೆ ಮಾತ್ರವಲ್ಲ, ಪೋಷಕರ ಮನಸ್ಥಿತಿಯೂ ಸುಧಾರಿಸಿದ್ದು ಕಂಡುಬಂದಿತು. ಆದರೆ ಆ ಫಲಿತಾಂಶ ಅಲ್ಪಾವಧಿಯದು. ವರ್ಷಗಳ ನಂತರದ ಸ್ಥಿತಿಯನ್ನು ಆ ವಿಮರ್ಶೆ ಅಳೆಯಲಾಗಲಿಲ್ಲ.

ಉತ್ತರ 3:
ನಾನು ನಾಲ್ಕನೆಯ ವಾರಕ್ಕೇ ಬಿಟ್ಟೆ. ಸಣ್ಣಪುಟ್ಟ ಹಠಕ್ಕೆ ಗಮನ ಕೊಡಬೇಡಿ ಎಂದರು; ಗಮನ ಕೊಡದಿದ್ದಾಗ ಅದು ಇಮ್ಮಡಿಯಾಯಿತು. ಜೊತೆಗೆ ನಾನು ಬೇಡವೆಂದದ್ದನ್ನು ಅಜ್ಜಿ ಐದೇ ನಿಮಿಷದಲ್ಲಿ ಕೊಟ್ಟುಬಿಡುತ್ತಿದ್ದರು.

ಉತ್ತರ 2ರ ಲೇಖಕಿ:
ಇಮ್ಮಡಿಯಾಗುವುದು ನಿರೀಕ್ಷಿತವೇ, ಅದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ಹಳೆಯ ಉಪಾಯ ಫಲಿಸದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಆ ಘಟ್ಟದಲ್ಲಿ ಯಾರಾದರೂ ಸೋತರೆ ‘ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ’ ಎಂಬ ಹೊಸ ಪಾಠವಾಗುತ್ತದೆ. ಅಜ್ಜಿಯನ್ನೂ ಜೊತೆಗೆ ಸೇರಿಸಿಕೊಳ್ಳದೆ ಇದು ಸಾಗದು. ಹೊಡೆತಕ್ಕೆ ಮಾತ್ರ ಈ ಉಪಾಯ ಸಲ್ಲದು, ಅದನ್ನು ತಕ್ಷಣ ತಡೆಯಲೇಬೇಕು. ಇನ್ನು, ಶಿಸ್ತಿನ ಪಾಠಕ್ಕೆ ಮೊದಲು ದಿನಕ್ಕೆ ಹತ್ತು ನಿಮಿಷ ಮಗು ಹೇಳಿದಂತೆ ಆಡುವ ಪಾಠವನ್ನು ಇಡುವುದೇಕೆಂದರೆ, ಮೆಚ್ಚುಗೆ ಸಿಗದ ಮನೆಯಲ್ಲಿ ಅಲಕ್ಷ್ಯಕ್ಕೂ ಬೆಲೆಯಿರುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನನ್ನ ಪತಿಗೆ ಪಾಳಿ ಕೆಲಸವಿರುವುದರಿಂದ ಪ್ರತಿ ವಾರ ಇಬ್ಬರೂ ಬರಲಾಗದು. ಒಬ್ಬರೇ ಬಂದರೆ ಸಾಕೇ?

ಉತ್ತರ 1ರ ಲೇಖಕಿ:
ನಾನು ಒಬ್ಬಳೇ ಹೋಗುತ್ತಿದ್ದೆ. ಮನೆಯಲ್ಲಿ ಮಾಡಬೇಕಾದ ಅಭ್ಯಾಸವೆಂದು ಪ್ರತಿ ವಾರ ಕೊಡುವ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರಂತೆ ಇಬ್ಬರೂ ನಡೆದೆವು. ಮೊದಲ ಭೇಟಿಗೆ ಮಾತ್ರ ಹೇಗಾದರೂ ಅವರನ್ನು ಕರೆದುಕೊಂಡು ಹೋಗಿ.