ಸೇಡಂ ಕಡೆಯ ಶೇಕ್‌ನಲ್ಲಿ ದಿನಾ ಮಧ್ಯಾಹ್ನ ಹೊಡೆತ: ಗಣಿ ಬ್ಲಾಸ್ಟಿಂಗಾ, ಭೂಕಂಪಾನಾ?

ಕಾಗಿಣಾ ದಂಡೆ
ನಮಸ್ಕಾರ್ರೀ ಎಲ್ಲರಿಗೂ. ಸೇಡಂ ತಾಲ್ಲೂಕಿನ ಒಂದು ಶಾಲೆಯಲ್ಲಿ ರಾಸ್ಪ್‌ಬೆರಿ ಶೇಕ್ 1ಡಿ ಅನ್ನೋ ಸಣ್ಣ ಭೂಕಂಪಮಾಪಕ ಇದೆ. ನೆಲದ ಮೇಲೆ-ಕೆಳಗಿನ ಅಲುಗಾಟ ಹಿಡಿಯುವ ಲಂಬ ಜಿಯೋಫೋನ್ ಒಂದೇ, ಸೆಕೆಂಡಿಗೆ 100 ಮಾದರಿ. ಕಿಟಕಿಯ ಹೊರಗೆ ಆರ್‌ಎಂ3100 ಮ್ಯಾಗ್ನೆಟೋಮೀಟರ್ (ಕಾಂತಕ್ಷೇತ್ರ ಅಳೆಯೋದು). ಮಧ್ಯಾಹ್ನ 1ರಿಂದ 3ರೊಳಗೆ ಶೇಕಿನ ಕಂಪನದ ಗೆರೆ ತೋರಿಸುವ ಹೆಲಿಕಾರ್ಡರ್‌ನಲ್ಲಿ ಸಣ್ಣ ಹೊಡೆತಗಳು ಬೀಳುತ್ತವೆ. ಸುತ್ತ ಸುಣ್ಣಕಲ್ಲಿನ ಗಣಿಗಳಿವೆ ಅನ್ನೋದು ಗೊತ್ತು. ಆದರೆ 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಕಡೆ ನೆಲ ಗುಡುಗಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ಅವರು ಕೇಳಿದರೆ ಅಂದಾಜಿನ ಮಾತು ಹೇಳಬಾರದು. ಎರಡನ್ನೂ ಹೇಗೆ ಬೇರ್ಪಡಿಸೋದು?

ಇನ್ನೊಂದು: ಕೆಲವೊಮ್ಮೆ ಶೇಕೂ ಮ್ಯಾಗ್ನೆಟೋಮೀಟರೂ ಒಂದೇ ಕ್ಷಣದಲ್ಲಿ ಜಿಗಿಯುತ್ತವೆ. ಸೌರ ಬಿರುಗಾಳಿಗೂ ಭೂಕಂಪಕ್ಕೂ ನಂಟಿದೆಯಾ? ಧ್ರುವಪ್ರಭೆ ಇಲ್ಲಿಂದ ಕ್ಯಾಮೆರಾಕ್ಕೆ ಸಿಗುತ್ತದಾ?

ಫರ್ಶಿ ಕಲ್ಲು
ಮೊದಲು ಹೊಡೆತದ ವಿಷಯ. ಮಧ್ಯಾಹ್ನ ಬಂತು ಅಂದಮಾತ್ರಕ್ಕೆ ಬ್ಲಾಸ್ಟಿಂಗ್ ಅಂತ ಬರೆದುಬಿಡಬೇಡಿ. ಹೊತ್ತು ಸುಳಿವು ಮಾತ್ರ. ಸ್ವಾರ್ಮ್ ತಂತ್ರಾಂಶದಲ್ಲಿ ಆ ಎರಡು ನಿಮಿಷ ತೆರೆದು, 1–10 ಹರ್ಟ್ಸ್ ಫಿಲ್ಟರ್ ಹಾಕಿ, ಪಿ (ಮೊದಲು ತಲುಪುವ ವೇಗದ ಅಲೆ) ಮತ್ತು ಎಸ್ (ಹಿಂದೆ ಬರುವ ನಿಧಾನದ ಅಲೆ) ಶುರುವಾಗುವ ಜಾಗ ಗುರುತಿಸಿ. ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಸುಮಾರಾಗಿ ದೂರ ಸಿಗುತ್ತದೆ: 3.5 ಸೆಕೆಂಡ್ ಅಂದರೆ 28 ಕಿ.ಮೀ. ಶಾಲೆಯನ್ನು ನಡುವಿಟ್ಟು ಅಷ್ಟು ದೂರದ ವೃತ್ತವನ್ನು ನಕ್ಷೆಯ ಮೇಲೆ ಎಳೆದು ಗಣಿ ಸಿಗುತ್ತದೋ ನೋಡಿ. ದಿಕ್ಕು ತಿಳಿಯಲು ಒಂದು ಯಂತ್ರ ಸಾಲದು, ಕನಿಷ್ಠ ಮೂರು ಊರಿನವು ಬೇಕು.

ಮುಂದೆ ಮೊದಲ ಚಲನೆ. ಸಿಡಿಮದ್ದು ಸುತ್ತಲಿನ ಬಂಡೆಯನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ, ಹಾಗಾಗಿ ಎಲ್ಲಿ ಅಳೆದರೂ ಪಿ ಮೇಲ್ಮುಖ. ಭೂಕಂಪದಲ್ಲಿ ಬಿರುಕಿನ ಎರಡು ಬದಿ ಜಾರುವುದರಿಂದ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ನಿಮ್ಮ ಗೆರೆ ಸ್ಪಷ್ಟವಾಗಿ ಕೆಳಗಿಳಿದು ಶುರುವಾದರೆ ಅದು ಬಹುಮಟ್ಟಿಗೆ ಬ್ಲಾಸ್ಟಿಂಗ್ ಅಲ್ಲ. ಮೇಲೇರಿದರೆ ಮಾತ್ರ ಎರಡೂ ಆಗಿರಬಹುದು, ಅಲ್ಲಿ ಅವಸರ ಬೇಡ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ಗುರುತು ಗಾಳಿಯಲ್ಲಿ ಬರುವ ಶಬ್ದ. ಗಣಿ 10 ಕಿ.ಮೀ. ದೂರದಲ್ಲಿದ್ದರೆ ಪಿ ಸುಮಾರು 2 ಸೆಕೆಂಡಿಗೆ, ಎಸ್ 3 ಸೆಕೆಂಡಿಗೆ ತಲುಪುತ್ತದೆ. ಶಬ್ದ ಸೆಕೆಂಡಿಗೆ 340 ಮೀಟರ್ ನಡೆದು 29 ಸೆಕೆಂಡಿಗೆ ಬರುತ್ತದೆ. ಎಲ್ಲ ಅಡಗಿದ ಮೇಲೆ ಪ್ರತ್ಯೇಕವಾಗಿ ಒಂದು ಚೂಪು ಪುಟಿತ ಕಂಡರೆ ಅದು ನೆಲದ ಮೇಲೆ ಸಿಡಿದದ್ದು. ಗಾಳಿ ಎದುರು ಬೀಸಿದ ದಿನ ಇದು ಕಾಣದೇ ಹೋಗಬಹುದು. ಚಿಂಚೋಳಿ ಕಡೆಯಂಥ ಆಳವಿಲ್ಲದ ಸಣ್ಣ ಕಂಪನದಲ್ಲೂ ಸಪ್ಪಳ ಇರುತ್ತದೆ. ಆದರೆ ಅದು ಕೇಳುವವನ ಕಾಲಡಿಯ ನೆಲವೇ ನಡುಗಿ ಗಾಳಿಗೆ ದಾಟಿಸಿದ ಸಪ್ಪಳ, ಆದ್ದರಿಂದ ನಡುಕದ ಜೊತೆಗೇ ಬರುತ್ತದೆ. ಊರವರನ್ನು ಕೇಳುವಾಗ ‘ಸಪ್ಪಳ ಬಂತಾ’ ಅನ್ನಬೇಡಿ, ‘ನಡುಗಿದಾಗಲೇ ಬಂತಾ, ಆಮೇಲೆ ಬಂತಾ’ ಅಂತ ಕೇಳಿ.

ಅಂದಹಾಗೆ, ಶೇಕ್ ಯಾವುದರ ಮೇಲೆ ಕೂತಿದೆ?

ಕಾಗಿಣಾ ದಂಡೆ
ನೆಲದ ಮೇಲೆ ಒಂದು ಫರ್ಶಿ ಇಟ್ಟು ಅದರ ಮೇಲೆ, ಸರ್. ಕೆಳಗೆ ಎರೆಮಣ್ಣು. ಫ್ಯಾನ್ ಹಾಕಿದಾಗ 5 ಹರ್ಟ್ಸ್ ಹತ್ತಿರ ಒಂದು ನೇರ ಗೆರೆ ಬರುತ್ತದೆ.

ಫರ್ಶಿ ಕಲ್ಲು
ಆ ಗೆರೆ ಫ್ಯಾನೇ. ನಿಮಿಷಕ್ಕೆ 300 ಸುತ್ತು ಅಂದರೆ 5 ಹರ್ಟ್ಸ್. ನಿಮಿಷಕ್ಕೆ 1,450 ಸುತ್ತಿನ ಪಂಪ್ ಮೋಟರ್ ಇದ್ದರೆ 24ರ ಹತ್ತಿರ ಇನ್ನೊಂದು ಕಾಣುತ್ತದೆ. ಸಡಿಲ ಫರ್ಶಿ ತಾನೇ ಅದುರುತ್ತದೆ, ಅದನ್ನು ತೆಗೆದುಬಿಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಯಂತ್ರ ವಾಲುತ್ತದೆ. ಮುರಮು ಅಥವಾ ಬಂಡೆ ಸಿಗುವವರೆಗೆ ಅಗೆದು, 30 ಸೆಂ.ಮೀ. ಚೌಕದ ಕಾಂಕ್ರೀಟ್ ದಿಮ್ಮಿ ಹಾಕಿ. ಅದು ಗೋಡೆಗೂ ನೆಲಹಾಸಿಗೂ ತಾಗದಂತೆ ಸುತ್ತ ಎರಡು ಬೆರಳು ಸಂದು ಬಿಡಿ. ಕರೆಂಟ್ ಹೋಗಿ ಬರುವಾಗ ಮೆಮೊರಿ ಕಾರ್ಡ್ ಕೆಡುವುದೇ ಹೆಚ್ಚು, ಸಣ್ಣ ಯುಪಿಎಸ್ ಕಡ್ಡಾಯ.

ಬೀದರ್ ಕೆಂಗಲ್ಲು
ಎರಡೂ ಒಟ್ಟಿಗೆ ಜಿಗಿದರೆ ಮೊದಲು ರಸ್ತೆ ನೋಡ್ರಿ. ಟ್ರ್ಯಾಕ್ಟರ್ ನೆಲವನ್ನೂ ನಡುಗಿಸುತ್ತದೆ, ಅದರ ಕಬ್ಬಿಣ ಕಾಂತಕ್ಷೇತ್ರವನ್ನೂ ಎಳೆಯುತ್ತದೆ. ದೂರ ಎರಡು ಪಟ್ಟಾದರೆ ಆ ಎಳೆತ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ ಮ್ಯಾಗ್ನೆಟೋಮೀಟರಿನ ಸೆನ್ಸರನ್ನು ರಸ್ತೆಯಿಂದ 30 ಮೀಟರ್ ದೂರಕ್ಕೆ ಸರಿಸಿ. ಪಿವಿಸಿ ಪೈಪಿನೊಳಗೆ ಮುಕ್ಕಾಲು ಮೀಟರ್ ಆಳದಲ್ಲಿ ಹೂಳಿ, ಸ್ಕ್ರೂ ಹಿತ್ತಾಳೆಯದೇ ಇರಲಿ. ಹೂಳೋದು ಮುಖ್ಯವಾಗಿ ಬಿಸಿಲಿಗಾಗಿ: ಕಲಬುರಗಿಯ ಬೇಸಿಗೆಯಲ್ಲಿ ಕಿಟಕಿ ಬಳಿಯ ಚಿಪ್ಪು ಬಿಸಿಯೇರಿದಂತೆಲ್ಲ ಅಂಕಿ ಸರಿಯುತ್ತದೆ, ನೋಡುವವರಿಗೆ ಸೌರ ಬಿರುಗಾಳಿಯಂತೆಯೇ ಕಾಣುತ್ತದೆ. ಸೆನ್ಸರಿನಿಂದ ಅಂಕಿ ತರುವ ಐ2ಸಿ ತಂತಿ ಎರಡು-ಮೂರು ಮೀಟರ್ ದಾಟಿದರೆ ಓದು ತಪ್ಪುತ್ತದೆ. ಮೈಕ್ರೋಕಂಟ್ರೋಲರನ್ನೇ ಹತ್ತಿರ ಇಡಿ. ದೊಡ್ಡ ಕಂಪನದಲ್ಲಿ ಸೆನ್ಸರ್ ತಾನೇ ಅಲುಗಿಯೂ ಗೆರೆ ಜಿಗಿಯುತ್ತದೆ. ಅದನ್ನು ಭೂಕಂಪದ ಮುನ್ಸೂಚನೆ ಅನ್ನಲು ಬರುವುದಿಲ್ಲ.

ನಿಜವಾದ ಬಿರುಗಾಳಿಗೆ ಬೇರೆಯದೇ ರೂಪ. ಕಾಂತಕ್ಷೇತ್ರದ ಉತ್ತರದ ಕಡೆಗಿನ ಅಂಶ ಕೆಲವೇ ನಿಮಿಷದಲ್ಲಿ ಏರಿ, ಆಮೇಲೆ ಗಂಟೆಗಟ್ಟಲೆ ಇಳಿಯುತ್ತದೆ, ಚೇತರಿಸಲು ದಿನಗಳು ಬೇಕು. ದಿನಾ ಮಧ್ಯಾಹ್ನದ ಹೊತ್ತಿಗೆ ಬರುವ ಕೆಲವು ಹತ್ತು ನ್ಯಾನೊಟೆಸ್ಲಾ ಉಬ್ಬು ಸಹಜವಾದದ್ದು.

ನಂಟಿನ ಬಗ್ಗೆ: ಕೆಪಿ (ಭೂಮಿಯ ಕಾಂತಕ್ಷೇತ್ರದ ಏರುಪೇರಿನ 0–9ರ ಸೂಚ್ಯಂಕ) 5 ಮುಟ್ಟುವ ದಿನಗಳು 11 ವರ್ಷದ ಒಂದು ಸೌರಚಕ್ರದಲ್ಲಿ ಸುಮಾರು 900. ಜಗತ್ತಿನಲ್ಲಿ 5ರ ಮೇಲಿನ ತೀವ್ರತೆಯ ಭೂಕಂಪ ಸರಾಸರಿ ದಿನಕ್ಕೆ ನಾಲ್ಕೋ ಐದೋ. ಯಾವ ಬಿರುಗಾಳಿ ತೆಗೆದುಕೊಂಡರೂ ಪಕ್ಕದಲ್ಲಿ ಒಂದು ಭೂಕಂಪ ಸಿಕ್ಕೇ ಸಿಗುತ್ತದೆ, ಅದಕ್ಕೇ ಈ ನಂಟಿನ ಮಾತು ಸಾಯುವುದಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನೋವು ಈ ಭಾಗದ ಮನೆಮನೆಯಲ್ಲಿದೆ. ದಯವಿಟ್ಟು ‘ಸೂರ್ಯ ಸಿಡಿದಿದ್ದಾನೆ, ಹುಷಾರಾಗಿರಿ’ ಅನ್ನೋ ವಾಟ್ಸ್ಆ್ಯಪ್ ಸಂದೇಶ ಮುಂದಕ್ಕೆ ಕಳಿಸಬೇಡಿ.

ಭೀಮಾತೀರ ಯಾದಗಿರಿ
ಧ್ರುವಪ್ರಭೆ ಇಲ್ಲಿಂದ ಸಿಗಲ್ಲ ಅಣ್ಣಾ. 400 ಕಿ.ಮೀ. ಎತ್ತರದ ಕೆಂಪು ಬೆಳಕು ದಿಗಂತಕ್ಕೆ ತಾಗಿ ಕಾಣಬೇಕಾದರೂ 2,200 ಕಿ.ಮೀ. ಒಳಗಿರಬೇಕು. 2024ರ ಮೇ 10–11ರ ಜಿ5 (ಅತಿ ತೀವ್ರ ದರ್ಜೆಯ) ಸೌರ ಬಿರುಗಾಳಿಯಲ್ಲೂ ಲಡಾಖಿನ ಹಾನ್ಲೆಯಲ್ಲಿ ಅದು ಉತ್ತರ ದಿಗಂತದ ಬಳಿಯಷ್ಟೇ ಸಿಕ್ಕಿತ್ತು, ನಾವು ಅದಕ್ಕಿಂತ ಎಷ್ಟೋ ದಕ್ಷಿಣಕ್ಕಿದ್ದೇವೆ.

ಅದರ ಬದಲು ಸೌರಜ್ವಾಲೆ ಹಿಡಿಯಿರಿ, ಅದಕ್ಕೆ ನಮ್ಮ ಜಾಗ ಚೆನ್ನಾಗಿದೆ. ತಿರುನೆಲ್ವೇಲಿ ಜಿಲ್ಲೆಯ ನೌಕಾಪಡೆ ಕೇಂದ್ರ 18.2 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ಅದನ್ನು ಹಿಡಿಯಲು ಒಂದು ಮೀಟರ್ ಮರದ ಚೌಕಟ್ಟಿಗೆ ಎನಾಮಲ್ ತಂತಿ 50 ಸುತ್ತು, ಒಂದು ಪ್ರಿಆಂಪ್, ಸೆಕೆಂಡಿಗೆ 96,000 ಮಾದರಿಯ ಸೌಂಡ್ ಕಾರ್ಡ್. ಹಗಲಲ್ಲಿ ಜ್ವಾಲೆ ಬಂದರೆ ಸಿಗ್ನಲ್ ಸಾಮಾನ್ಯವಾಗಿ ಥಟ್ಟನೆ ಏರಿ ನಿಧಾನ ಇಳಿಯುತ್ತದೆ. ಎಲ್‌ಇಡಿ ಬಲ್ಬಿನ ಡ್ರೈವರ್ ಮತ್ತು ಮೊಬೈಲ್ ಚಾರ್ಜರ್ ಈ ಆವರ್ತನಗಳಲ್ಲೇ ಗದ್ದಲ ಮಾಡುತ್ತವೆ, ಚೌಕಟ್ಟನ್ನು ಕಟ್ಟಡದಿಂದ ದೂರವಿಡಿ.

ಮತ್ತೆ, ಶೇಕ್ ತೋರಿಸೋದು ಯುಟಿಸಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ. ನಿಮ್ಮ ‘1ರಿಂದ 3’ ಅದರಲ್ಲಿ ಓದಿದ್ದಾದರೆ, ಇಲ್ಲಿ ಆಗ ಸಂಜೆ 6.30ರಿಂದ 8.30. ಆ ಹೊತ್ತಿಗೆ ಬ್ಲಾಸ್ಟಿಂಗ್ ಇರಬಾರದು. ಮೊದಲು ಇದನ್ನು ಖಾತ್ರಿ ಮಾಡಿಕೊಂಡು ಒಂದು ವಾರದ ಫೈಲ್ ಇಲ್ಲಿ ಹಾಕಿ.