ಮೆಲ್ಬರ್ನ್‌ನಲ್ಲಿ ಬೇರೆಯಾದ ಅಪ್ಪ-ಅಮ್ಮಂದಿರಿಗೆ: ಮೀಡಿಯೇಷನ್‌ಗೆ ಹೋಗುವ ಮುಂಚೆ

ಬೇರೆಯಾದ ಮೇಲೆ ಮಕ್ಕಳ ವಿಷಯಕ್ಕೆ ಮೀಡಿಯೇಷನ್‌ಗೆ ಹೋಗೋದು ಹೇಗೆ, ಎದುರಿನವರು ಬರಲ್ಲ ಅಂದರೆ ಏನು ಮಾಡೋದು ಅಂತ ಹೆಸರು ಹಾಕದೆ ಈ ಗುಂಪಿನಲ್ಲಿ ಕೇಳಿದವರಿಗೆ ಈ ಉತ್ತರ. ಕಾಮೆಂಟಿನಲ್ಲಿ ಬರೆಯಲು ಕೂತರೆ ಉದ್ದವಾಯಿತು, ಅದಕ್ಕೇ ಬೇರೆಯಾಗಿ ಹಾಕುತ್ತಿದ್ದೇನೆ.

ನಿಮಗೆ ಬಂದ ಸಲಹೆಗಳಲ್ಲಿ ಅರ್ಧಕ್ಕರ್ಧ "ಯಾರಾದರೂ ಹಿರಿಯರನ್ನು ಕೂರಿಸಿಕೊಂಡು ಮಾತಾಡಿ" ಅಂತಲೇ ಇವೆ. ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ನಮ್ಮ ಹಿರಿಯರು ಕೂತರೆ ಮಾತು ಎಲ್ಲಿಗೆ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಮದುವೆ ಖರ್ಚು, ಅತ್ತೆ ಬಂದಿದ್ದಾಗ ಯಾರು ಏನಂದರು, ಕೊನೆಗೆ "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ". ಊರಲ್ಲಿ ಫ್ಯಾಮಿಲಿ ಕೋರ್ಟಿಗೆ ಹೋದರೂ ಮೊದಲು ಒಂದು ಮಾಡೋಕೆ ಆಗುತ್ತಾ ಅಂತಲೇ ನೋಡುತ್ತಾರೆ. ಇಲ್ಲಿನ ಫ್ಯಾಮಿಲಿ ಡಿಸ್ಪ್ಯೂಟ್ ರೆಸೊಲ್ಯೂಷನ್, ಅಂದರೆ ಬೇರೆಯಾದವರನ್ನು ಮೀಡಿಯೇಟರ್ ಕೂರಿಸಿ ಮಕ್ಕಳ ವಿಷಯ ಮಾತಾಡಿಸುವ ವ್ಯವಸ್ಥೆ (ಎಲ್ಲರೂ ಎಫ್‌ಡಿಆರ್ ಅನ್ನೋದು), ಆ ಗೋಜಿಗೇ ಹೋಗುವುದಿಲ್ಲ. ನೀವಿಬ್ಬರೂ ಬೇರೆಯಾಗಿದ್ದೀರಿ ಅಂತ ಒಪ್ಪಿಕೊಂಡೇ ಮಾತು ಶುರು. ಬುಧವಾರ ಮಗುವನ್ನು ಸ್ಕೂಲಿಂದ ಯಾರು ಕರೆದುಕೊಂಡು ಬರುತ್ತೀರಿ ಅಂತ ಕೇಳುತ್ತಾರೆ. ತಪ್ಪು ಯಾರದು ಅನ್ನೋದು ಅವರಿಗೆ ಬೇಡ.

ಮಕ್ಕಳ ವಿಷಯಕ್ಕೆ ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಎಫ್‌ಡಿಆರ್ ಪ್ರಯತ್ನ ಆಗಿರಬೇಕು, ಅದಕ್ಕೆ ಎಫ್‌ಡಿಆರ್ ನಡೆಸುವವರು ಕೊಡುವ ಸೆಕ್ಷನ್ 60ಐ ಸರ್ಟಿಫಿಕೇಟ್ ತೋರಿಸಬೇಕು. ಸರ್ಕಾರದ ದುಡ್ಡಲ್ಲಿ ನಡೆಯುವ ಫ್ಯಾಮಿಲಿ ರಿಲೇಷನ್‌ಶಿಪ್ ಸೆಂಟರ್‌ಗಳು 2006ರಿಂದ ಇವೆ. ಅಲ್ಲಿ ಮೊದಲ ಒಂದು ಗಂಟೆ ಉಚಿತ, ಆಮೇಲಿನದು ಆದಾಯ ನೋಡಿಕೊಂಡು. ಹತ್ತಿರದ್ದು ಯಾವುದು ಅಂತ ಗೊತ್ತಿಲ್ಲದಿದ್ದರೆ 1800 050 321ಕ್ಕೆ ಫೋನ್ ಮಾಡಿ. ಖಾಸಗಿಯವರೂ ಇದ್ದಾರೆ, ಖರ್ಚು ಜಾಸ್ತಿ.

ಎಫ್‌ಡಿಆರ್‌ನಲ್ಲಿ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡುತ್ತಾರೆ. ಹೊಡೆತ, ಬೆದರಿಕೆ, ಸಂಬಳ ಕಿತ್ತುಕೊಳ್ಳೋದು, ಫೋನ್ ಚೆಕ್ ಮಾಡೋದು, ಏನಾದರೂ ನಡೆದಿದ್ದರೆ ಅಲ್ಲೇ ಹೇಳಿಬಿಡಿ. ಕೌಟುಂಬಿಕ ಹಿಂಸೆ ಇದ್ದರೆ ಎಫ್‌ಡಿಆರ್‌ನಿಂದ ಕಾನೂನಲ್ಲೇ ವಿನಾಯಿತಿ ಇದೆ. "ಒಂದು ಸಲ ಹೋಗಿ ಬನ್ನಿ, ಏನಾಗುತ್ತೆ" ಅಂತ ಯಾರಾದರೂ ಅಂದರೆ ಕೇಳಬೇಡಿ. ಕೌಟುಂಬಿಕ ಹಿಂಸೆಯ ಸಹಾಯವಾಣಿ 1800 737 732ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

"ಅವರು ಬರಲ್ಲ ಅಂತಾರೆ, ಏನು ಮಾಡಲಿ" ಅಂತ ಕೇಳಿದ್ದೀರಿ. ಬರದಿದ್ದರೆ ಬರಲಿಲ್ಲ ಅಂತಲೇ ಸರ್ಟಿಫಿಕೇಟ್ ಕೊಡುತ್ತಾರೆ. ಸುಮ್ನೆ ಬಂದು ಕೂತು, ಮನಸ್ಸಿಟ್ಟು ಪ್ರಯತ್ನ ಮಾಡದಿದ್ದರೆ ಅದಕ್ಕೂ ಬೇರೆ ಥರದ ಸರ್ಟಿಫಿಕೇಟ್ ಇದೆ. ಕೋರ್ಟ್ ಅದನ್ನು ಗಮನಕ್ಕೆ ತೆಗೆದುಕೊಳ್ಳಬಹುದು. ಇದು ಗೊತ್ತಾದ ಮೇಲೆ ಎಷ್ಟೋ ಜನ ಬರುತ್ತಾರೆ!

ಇನ್ನು ಮಗುವಿನ ಸಮಯ ಇಬ್ಬರಿಗೂ 50-50 ಸಿಗಬೇಕು ಅನ್ನೋ ಮಾತು. ಅಪ್ಪನಿಗೆ ಅರ್ಧ, ಅಮ್ಮನಿಗೆ ಅರ್ಧ ಅಂತ ಇಲ್ಲಿನ ಕಾನೂನು ಯಾವತ್ತೂ ಹೇಳಿರಲಿಲ್ಲ. ದೊಡ್ಡ ತೀರ್ಮಾನಗಳಲ್ಲಿ ಇಬ್ಬರಿಗೂ ಸಮಪಾಲು ಇರಲಿ ಅಂತ ಕೋರ್ಟ್ ಮೊದಲೇ ಅಂದುಕೊಂಡು ಶುರು ಮಾಡುವ ಒಂದು ನಿಯಮ ಇತ್ತು. 2024ರ ಮೇ 6ರಿಂದ ಅದನ್ನೂ ತೆಗೆದರು. ಈಗ ಮಗುವಿನ ಹಿತ, ಮುಖ್ಯವಾಗಿ ಅದರ ಸುರಕ್ಷತೆ, ಅಷ್ಟೇ. ಹಳೇ ಪೋಸ್ಟ್ ಹುಡುಕಿ ಸಲಹೆ ಕೊಡುವವರು ಇದನ್ನು ಗಮನಿಸಬೇಕು.

ಈಗ ನನ್ನ ಮುಖ್ಯ ಮಾತು. ದೊಡ್ಡ ದೊಡ್ಡ ವಿಚಾರ ಇಟ್ಟುಕೊಂಡು ಅಲ್ಲಿಗೆ ಹೋಗಬೇಡಿ, ಸಣ್ಣ ಸಣ್ಣದನ್ನು ಬರೆದುಕೊಂಡು ಹೋಗಿ. ನಮ್ಮ ಸೆಷನ್‌ನಲ್ಲಿ ಕ್ರಿಸ್‌ಮಸ್, ಈಸ್ಟರ್, ಹುಟ್ಟುಹಬ್ಬ ಎಲ್ಲ ಹತ್ತು ನಿಮಿಷಕ್ಕೆ ಮುಗಿದವು. ಗಣೇಶ ಹಬ್ಬಕ್ಕೆ ಬಂದು ನಿಂತಿತು. ಮೀಡಿಯೇಟರ್ ಬಿಳಿ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು "ಡೇಟ್ ಹೇಳಿ" ಅಂದರು. ಏನಂತ ಹೇಳೋದು? 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದ ನಾವಿಬ್ಬರೂ ಸೇರಿ ಆ ಪುಣ್ಯಾತ್ಮನಿಗೆ ಅಧಿಕ ಮಾಸ ಅಂದರೇನು ಅಂತ ವಿವರಿಸಿದೆವು. ಕೊನೆಗೆ ಬರೆದದ್ದು ಇಷ್ಟು: ಪ್ರತಿ ಜನವರಿಯಲ್ಲಿ ಪಂಚಾಂಗ ನೋಡಿ ಹಬ್ಬಗಳ ದಿನಾಂಕ ನಾನು ಈಮೇಲ್ ಮಾಡಬೇಕು. ಯುಗಾದಿ, ದೀಪಾವಳಿ ಒಂದು ವರ್ಷ ನನ್ನ ಮನೆಯಲ್ಲಿ, ಗಣೇಶ ಅವರ ಮನೆಯಲ್ಲಿ. ಮುಂದಿನ ವರ್ಷ ಅದಲು ಬದಲು. ಸ್ಕೂಲ್ ಇರುವ ದಿನ ಹಬ್ಬ ಬಂದರೆ ಸಂಜೆ 4ರಿಂದ 8.

ಹೀಗೇ ಇನ್ನೂ ಇವೆ. ಭಾನುವಾರದ ಕನ್ನಡ ಶಾಲೆ ನೋಡಿ. ವಾರ ಬಿಟ್ಟು ವಾರ ಮಗು ಅಪ್ಪನ ಹತ್ತಿರ ಇದ್ದು, ಅವರು ಕರೆದುಕೊಂಡು ಹೋಗದಿದ್ದರೆ ಅರ್ಧ ಪಾಠ ಹೋಯಿತು. ಅದನ್ನು ಬರೆಸಿ. ಊರಿನ ಅಜ್ಜಿಗೆ ವಿಡಿಯೋ ಕಾಲ್ ಯಾವಾಗ ಅಂತಲೂ ಬರೆಸಿ. ಇಲ್ಲಿ ಸಂಜೆ ಆರೂವರೆ ಅಂದರೆ ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ 2, ಡೇಲೈಟ್ ಸೇವಿಂಗ್ ಶುರುವಾದ ಮೇಲೆ 1. ಊಟದ ತಟ್ಟೆ ಮುಂದಿಟ್ಟುಕೊಂಡು ಅಜ್ಜಿ ಎಷ್ಟು ಮಾತಾಡಿಯಾರು? ಒಂದು ಮನೆಯಲ್ಲಿ ಸಸ್ಯಾಹಾರ, ಇನ್ನೊಂದರಲ್ಲಿ ಅಲ್ಲ ಅಂತಾಗಬಹುದು. ಉಪನಯನ, ಮುಡಿ ಕೊಡೋದು, ಕಿವಿ ಚುಚ್ಚಿಸೋದು ಇವೆಲ್ಲ ಇಬ್ಬರೂ ಒಪ್ಪಿಯೇ ಆಗಬೇಕಾ? ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಫೇಸ್‌ಬುಕ್ಕಿನಲ್ಲಿ ಫೋಟೋ ನೋಡಿ ಜಗಳ ಶುರುವಾಗೋದು ಬೇಡ.

ಒಂದು ಕಹಿ ಮಾತು. ಚೈಲ್ಡ್ ಸಪೋರ್ಟ್ (ಮಗುವಿನ ಖರ್ಚಿಗೆ ಒಬ್ಬರು ಇನ್ನೊಬ್ಬರಿಗೆ ಕೊಡುವ ದುಡ್ಡು) ಲೆಕ್ಕ ಇಬ್ಬರ ಆದಾಯದ ಜೊತೆ, ಮಗು ಯಾರ ಮನೆಯಲ್ಲಿ ಎಷ್ಟು ರಾತ್ರಿ ಮಲಗುತ್ತೆ ಅನ್ನೋದರ ಮೇಲೂ ನಿಂತಿದೆ. ವರ್ಷಕ್ಕೆ 52 ರಾತ್ರಿ ಒಂದು ಗಡಿ, 128 ಇನ್ನೊಂದು, ಅದನ್ನು ಮುಟ್ಟಿದರೆ ಲೆಕ್ಕ ಬದಲಾಗುತ್ತೆ. ಕೆಲವರು 128 ಅನ್ನೋ ಅಂಕಿ ಹಿಡಿದುಕೊಂಡೇ ಬರುತ್ತಾರೆ. ಅಲ್ಲಿಂದ ಮಾತು ಮಗುವಿನದಲ್ಲ, ದುಡ್ಡಿನದು. ಹಾಗನ್ನಿಸಿದರೆ ಮೊದಲು ವಾರದ ವೇಳಾಪಟ್ಟಿ ಮುಗಿಸೋಣ, ಅಂಕಿ ಆಮೇಲೆ ನೋಡೋಣ ಅಂತ ನೇರವಾಗಿ ಹೇಳಿ.

ಊರಿಗೆ ಹೋಗುವ ವಿಷಯ ಇದಕ್ಕಿಂತ ಸೂಕ್ಷ್ಮ. ಮಕ್ಕಳನ್ನು ಬೇರೆ ದೇಶಕ್ಕೆ ಕರೆದೊಯ್ದು ಇಟ್ಟುಕೊಂಡರೆ ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಎದುರಿನವರ ಭಯಕ್ಕೆ ಕಾರಣ ಇದೆ, ಅದನ್ನು ಅವಮಾನ ಅಂದುಕೊಳ್ಳಬೇಡಿ. ರಿಟರ್ನ್ ಟಿಕೆಟ್ ಕಾಪಿ, ಉಳಿಯುವ ಮನೆಗಳ ವಿಳಾಸ, ಪಾಸ್‌ಪೋರ್ಟ್ ಯಾರ ಹತ್ತಿರ, ಎಷ್ಟು ವಾರ ಮುಂಚೆ ಹೇಳಬೇಕು, ಇಷ್ಟನ್ನೂ ಬರೆದುಕೊಂಡರೆ ಡಿಸೆಂಬರ್ ರಜೆಗೆ ಮುಂಚಿನ ಜಗಳ ಎಷ್ಟೋ ತಪ್ಪುತ್ತೆ. ಕೋರ್ಟ್ ಆರ್ಡರ್ ಇದ್ದರೆ, ಅಥವಾ ಕೇಸ್ ನಡೀತಾ ಇದ್ದರೆ, ಎದುರಿನವರ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ವಿಮಾನ ಹತ್ತಿಸಬೇಡಿ. ಅದು ಜೈಲಿಗೆ ಹೋಗುವಂಥ ಅಪರಾಧ.

ಎಫ್‌ಡಿಆರ್‌ನಲ್ಲಿ ಒಪ್ಪಂದವಾದರೆ ಕೊನೆಗೆ ಕೈಗೆ ಬರುವುದು ಪೇರೆಂಟಿಂಗ್ ಪ್ಲಾನ್, ಅಂದರೆ ಒಪ್ಪಿದ್ದನ್ನೆಲ್ಲ ಬರೆದ ಕಾಗದ. ಇಬ್ಬರೂ ಸಹಿ ಮಾಡಿ ದಿನಾಂಕ ಹಾಕಬೇಕು. ಆದರೆ ಮುರಿದರೆ ಶಿಕ್ಷೆ ಇಲ್ಲ. ಗಟ್ಟಿ ಬೇಕು ಅಂದರೆ ಅದನ್ನೇ ಕೋರ್ಟಿಗೆ ಹಾಕಿ ಕನ್ಸೆಂಟ್ ಆರ್ಡರ್ (ಇಬ್ಬರ ಒಪ್ಪಿಗೆಯ ಮೇಲೆ ಕೋರ್ಟ್ ಮಾಡುವ ಆದೇಶ) ಮಾಡಿಸಿಕೊಳ್ಳಬಹುದು. ಮಕ್ಕಳು ಚಿಕ್ಕವರಾದರೆ ಮೊದಲು ಪ್ಲಾನ್ ಸಾಕು ಅಂತ ನನ್ನ ಅಭಿಪ್ರಾಯ. ನಾಲ್ಕು ವರ್ಷದ ಮಗುವಿಗೆ ಹೊಂದಿದ್ದು ಎಂಟಕ್ಕೆ ಹೊಂದಲ್ಲ, ಪ್ಲಾನ್ ಆದರೆ ಇಬ್ಬರೇ ಕೂತು ಬದಲಾಯಿಸಬಹುದು. ಊರಿಗೆ ಕರೆದೊಯ್ಯುವ ವಿಷಯದಲ್ಲಿ ನಂಬಿಕೆಯೇ ಇಲ್ಲ ಅಂದರೆ ಮಾತ್ರ ಲಾಯರ್ ಹತ್ತಿರ ಕೇಳಿ, ಆರ್ಡರ್ ಕಡೆಗೆ ಹೋಗಿ.

ಇನ್ನೊಂದು, ಕಾಮೆಂಟ್ ಹಾಕುವ ಎಲ್ಲರಿಗೂ. ಕೋರ್ಟಿನಲ್ಲಿರುವ ಫ್ಯಾಮಿಲಿ ಕೇಸಿನಲ್ಲಿ ಇವರು ಇಂಥವರು ಅಂತ ಗುರುತು ಸಿಗುವ ಹಾಗೆ ಬರೆಯೋದು ಇಲ್ಲಿ ಅಪರಾಧ. ಈ ಗುಂಪಿನಲ್ಲಿ ಬರೆದರೂ ಸಿಕ್ಕಿಹಾಕಿಕೊಳ್ಳಬಹುದು. ನಿನ್ನೆ ಕೆಳಗೆ ಯಾರದೋ ಸಬರ್ಬ್, ಮಗುವಿನ ಸ್ಕೂಲ್ ಎರಡೂ ಹಾಕಿದ್ದೀರಿ. ದಯವಿಟ್ಟು ಅಳಿಸಿ.